ಯಲಹಂಕದಿಂದ ಲೇಪಾಕ್ಷಿಗೆ: ಬೈಸಿಕಲ್ಲಿನ ಮೇಲೆ ಒಂದು ದಿನ

ಬೆಂಗಳೂರಿಗೆ ತಾಯಿ ಯಾರೆಂದು ಕೇಳಿದರೆ ಯಲಹಂಕವೆಂದೇ ಹೇಳಬೇಕು. ಚೋಳರ ಕಾಲದ ಶಾಸನಗಳಲ್ಲಿ ಇಲೈಪ್ಪಕ್ಕ ನಾಡೆಂದು ಕರೆಸಿಕೊಂಡ ಈ ಊರಿನ ಪ್ರಭುಗಳ ವಂಶದಲ್ಲಿ ಹುಟ್ಟಿದ ಕೆಂಪೇಗೌಡನೇ 1537ರಲ್ಲಿ ದಕ್ಷಿಣಕ್ಕೆ ಹೋಗಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದನು. ಮಗಳು ಬೆಳೆದು ತಾಯಿಯನ್ನೇ ಮಡಿಲಿಗೆ ಹಾಕಿಕೊಂಡಂತೆ, ಇಂದು ಬೆಂಗಳೂರು ಯಲಹಂಕವನ್ನು ನುಂಗಿ, ಅದರಾಚೆಗೂ ಹಲವು ಮೈಲಿ ಚಾಚಿಕೊಂಡಿದೆ. ಎರಡು ವರ್ಷಕ್ಕೊಮ್ಮೆ ಇಲ್ಲಿನ ವಾಯುನೆಲೆಯಲ್ಲಿ ನಡೆಯುವ ವಿಮಾನಪ್ರದರ್ಶನವನ್ನು ನೋಡಲು ದೇಶವಿದೇಶಗಳ ಜನ ಬರುತ್ತಾರೆ. 1984ರಲ್ಲಿ ಆರಂಭವಾದ ಇಲ್ಲಿನ ಕಾರ್ಖಾನೆಯಲ್ಲಿ ತಯಾರಾದ ಗಾಲಿಗಳ ಮೇಲೆ ಭಾರತದ ರೈಲುಬಂಡಿಗಳು ಓಡುತ್ತಿವೆ. ಆಕಾಶದ ವೇಗವೂ ಹಳಿಯ ವೇಗವೂ ಕೂಡಿರುವ ಇಂತಹ ಊರಿನಿಂದ, ಕೇವಲ ಕಾಲಿನ ಬಲವನ್ನು ನಂಬಿ ಹಂಪೆಯವರೆಗೆ ಹೊರಟ ಹನ್ನೆರಡು ಜನರ ಮೊದಲ ದಿನದ ಕಥೆ ಇದು.

ಡಿಸೆಂಬರ್ ತಿಂಗಳ ಕೊನೆಯ ವಾರ. ಬೆಳಗಿನ ಐದೂವರೆ ಗಂಟೆ. ಯಲಹಂಕದ ಕೆರೆಯ ಮೇಲಿಂದ ಎದ್ದ ಮಂಜು ರಸ್ತೆಯ ದೀಪಗಳನ್ನು ಹಳದಿ ಚುಕ್ಕೆಗಳನ್ನಾಗಿ ಮಾಡಿದ್ದಿತು. ಒಬ್ಬೊಬ್ಬರಾಗಿ ಬಂದು ಸೇರಿದ ಸವಾರರಲ್ಲಿ ಎಂಟು ಜನ ಗಂಡಸರು, ನಾಲ್ವರು ಹೆಂಗಸರು. ಕಂಪ್ಯೂಟರ್ ಕಂಪೆನಿಗಳ ತರುಣರು ನಾಲ್ವರು. ಬ್ಯಾಂಕಿನ ಅಧಿಕಾರಿಣಿ ಒಬ್ಬರು. ಒಂದು ಶಾಲೆಯ ದೈಹಿಕ ಶಿಕ್ಷಕರು. ವೈದ್ಯಕೀಯ ವಿದ್ಯಾರ್ಥಿನಿ ಒಬ್ಬಳು. ಉಳಿದವರೂ ಇದೇ ಬಗೆಯ ಸಂಸಾರವಂದಿಗರು. ಎಲ್ಲರ ಸೈಕಲ್ಲುಗಳೂ ಹಗುರಾದವು, ಹದಿನಾರು ಇಪ್ಪತ್ತು ಗೇರುಗಳುಳ್ಳವು. ಒಂದು ಮಾತ್ರ ಬೇರೆ. ಅರವತ್ತೆರಡು ವರ್ಷದ, ಗಾಲಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರು ತಮ್ಮ ಹಳೆಯ ಕಪ್ಪು ಸೈಕಲ್ಲನ್ನೇ ತಂದಿದ್ದರು. ಅದಕ್ಕೆ ಗೇರಿಲ್ಲ, ಹಿಂದೆ ಕ್ಯಾರಿಯರು, ಪಕ್ಕದಲ್ಲಿ ಸ್ಟ್ಯಾಂಡು, ಸರಪಳಿಗೆ ತಗಡಿನ ಹೊದಿಕೆ, ಹ್ಯಾಂಡಲಿಗೆ ಟ್ರಿಣ್ ಟ್ರಿಣ್ ಎನ್ನುವ ಗಂಟೆ. ಅದನ್ನು ಕಂಡು ತರುಣರ ತುಟಿಯಲ್ಲಿ ನಗು ಸುಳಿದುದು ಸುಳ್ಳಲ್ಲ.

ಹಳೆಯ ಬೆಂಗಳೂರನ್ನು ಬಲ್ಲ ವಾಚಕರಿಗೆ ಆ ಸೈಕಲ್ಲು ಹೊಸದಲ್ಲ. ಕಚೇರಿಯ ಗುಮಾಸ್ತರು, ಕಾಲೇಜಿನ ಉಪನ್ಯಾಸಕರು, ಹಾಲಿನವರು, ಅಂಚೆಯವರು, ಎಲ್ಲರೂ ಅದನ್ನೇ ತುಳಿದವರು. ಪುರಸಭೆಯ ಲೈಸೆನ್ಸ್ ಬಿಲ್ಲೆಯಿಲ್ಲದೆ ಸೈಕಲ್ಲು ರಸ್ತೆಗಿಳಿಯುವಂತಿರಲಿಲ್ಲ. ಸಂಜೆ ದೀಪವಿಲ್ಲದೆ ಹೊರಟವನಿಗೂ, ಇಬ್ಬರನ್ನು ಕೂರಿಸಿಕೊಂಡವನಿಗೂ ದಂಡ ತಪ್ಪುತ್ತಿರಲಿಲ್ಲ. ಸಂಸಾರದ ಮೊದಲ ವಾಹನವಾಗಿದ್ದ ಸೈಕಲ್ಲು ಸ್ಕೂಟರು ಕಾರುಗಳು ಬಂದ ಮೇಲೆ ಮನೆಯ ಹಿತ್ತಲು ಸೇರಿತು. ಈಗ ಭಾನುವಾರದ ಮುಂಜಾವಿನಲ್ಲಿ ಹೆಬ್ಬಾಳ ಯಲಹಂಕಗಳ ರಸ್ತೆಯಲ್ಲಿ ನಿಂತು ನೋಡಿದರೆ ಅದು ಮತ್ತೆ ಹೊರಬಂದಿರುವುದು ಕಾಣುತ್ತದೆ. ಆದರೆ ಕೆಲಸಕ್ಕಾಗಿ ಅಲ್ಲ, ಸಂತೋಷಕ್ಕಾಗಿ.

ಸಂತೋಷಕ್ಕಾಗಿ ದೂರ ತುಳಿಯುವ ಹಂಬಲವೇನೂ ಇಂದಿನದಲ್ಲ. ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ ಸುಮಾರು 1200 ಕಿಲೋಮೀಟರಿನ ಸವಾರಿ ಮೊದಲು ನಡೆದುದು 1891ರಲ್ಲಿ. ನಮ್ಮವರೂ ಹಿಂದೆ ಬೀಳಲಿಲ್ಲ. 1923ರಲ್ಲಿ ಮುಂಬಯಿಯಿಂದ ಆರು ಜನ ಪಾರ್ಸಿ ತರುಣರು ಸೈಕಲ್ಲಿನ ಮೇಲೆ ಭೂಪ್ರದಕ್ಷಿಣೆಗೆ ಹೊರಟರು. ಅವರಲ್ಲಿ ಮೂವರು, ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ, ಸುಮಾರು 71,000 ಕಿಲೋಮೀಟರು ಸುತ್ತಿ 1928ರಲ್ಲಿ ಊರಿಗೆ ಮರಳಿದರು. ಹೊರಟವರು ಆರು, ಮುಟ್ಟಿದವರು ಮೂರು. ಯಲಹಂಕದ ತಂಡದ ಮುಂದಾಳುಗಳಾದ ದೈಹಿಕ ಶಿಕ್ಷಕರು ಈ ಕಥೆಯನ್ನು ಹೇಳಿ, ತಮ್ಮ ತಂಡಕ್ಕೆ ಒಂದೇ ಒಂದು ನಿಯಮವನ್ನು ವಿಧಿಸಿದರು: ಹೊರಟಷ್ಟು ಜನವೂ ಮುಟ್ಟಬೇಕು. ಸಾಮಾನು ಸಾಗಿಸಲು ಒಂದು ಬಾಡಿಗೆಯ ವ್ಯಾನು ಹಿಂದೆ ಬರುತ್ತಿದ್ದರೂ, ಕಾಯಿಲೆಯಾದ ಹೊರತು ಯಾರೂ ಅದನ್ನು ಏರಬಾರದು. ಆ ದಿನದ ಗುರಿ ಲೇಪಾಕ್ಷಿ. ಸುಮಾರು 100 ಕಿಲೋಮೀಟರಿನ ಹಾದಿ. ಕತ್ತಲಾಗುವುದರೊಳಗೆ ಸೇರತಕ್ಕದ್ದು.

ಮಂಜಿನಲ್ಲಿ ಮೊದಲ ಹೆಜ್ಜೆ

ಐದೂ ಮುಕ್ಕಾಲಿಗೆ ಹನ್ನೆರಡು ಸೈಕಲ್ಲುಗಳೂ ದೊಡ್ಡಬಳ್ಳಾಪುರದ ರಸ್ತೆಗೆ ಇಳಿದವು. ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ. ದೂರದಿಂದ ನೋಡಿದವರಿಗೆ ಮಿಣುಕುಹುಳುಗಳ ಸಾಲೊಂದು ನೆಲಮಟ್ಟದಲ್ಲಿ ತೇಲಿಹೋದಂತೆ ಕಂಡಿರಬೇಕು. ಆ ಹೊತ್ತಿಗಾಗಲೇ ಲಾರಿಗಳ ಸಂಚಾರ ಆರಂಭವಾಗಿದ್ದಿತು. ಮಂಜಿನಲ್ಲಿ ಲಾರಿ ಕಾಣುವುದಕ್ಕೆ ಮೊದಲು ಕೇಳಿಸುತ್ತದೆ. ಕೇಳಿಸಿದೊಡನೆ ಸಾಲು ಎಡಕ್ಕೆ ಸರಿಯಬೇಕು. ಮುಂದಿದ್ದವನು ರಸ್ತೆಯ ಗುಂಡಿಯನ್ನು ಕಂಡರೆ ಕೈಯನ್ನು ಕೆಳಗೆ ಚಾಚಿ ತೋರುತ್ತಾನೆ; ಹಿಂದಿನವನು ತನ್ನ ಹಿಂದಿನವನಿಗೆ ತೋರುತ್ತಾನೆ. ಹನ್ನೆರಡು ಜನರ ಕಣ್ಣಾಗಿ ಒಬ್ಬನು ಕೆಲಸ ಮಾಡುವುದು ಸಾಮೂಹಿಕ ಸವಾರಿಯ ಮೊದಲ ಪಾಠ.

ಎರಡನೆಯ ಪಾಠ ಗಾಳಿಯದು. ವೇಗವಾಗಿ ತುಳಿಯುವವನ ಶಕ್ತಿಯ ಬಹುಭಾಗ ವ್ಯಯವಾಗುವುದು ಗಾಳಿಯನ್ನು ಸೀಳುವುದರಲ್ಲಿ. ಒಬ್ಬನ ಹಿಂದೆ ಒಂದು ಮೊಳದಷ್ಟು ಅಂತರದಲ್ಲಿ ಇನ್ನೊಬ್ಬನು ಸಾಗಿದರೆ, ಮುಂದಿನವನು ಸೀಳಿದ ಗಾಳಿ ಹಿಂದಿನವನಿಗೆ ದಾರಿ ಬಿಡುತ್ತದೆ. ಅವನಿಗೆ ಶ್ರಮದಲ್ಲಿ ಕಾಲುಭಾಗದಷ್ಟು ಉಳಿತಾಯವಾಗುತ್ತದೆ. ಆದುದರಿಂದ ಮುಂದಾಳತ್ವವನ್ನು ಸರದಿಯ ಮೇಲೆ ಹಂಚಿಕೊಳ್ಳುತ್ತಾರೆ. ವಲಸೆ ಹೋಗುವ ಹಕ್ಕಿಗಳು ಬಾಣದ ಆಕಾರದಲ್ಲಿ ಹಾರುವುದೂ ಇಂತಹ ಕಾರಣಕ್ಕಾಗಿಯೇ ಎಂದು ಪಕ್ಷಿವಿಜ್ಞಾನಿಗಳು ಹೇಳುತ್ತಾರೆ. ಸಾಲಿನ ಕಟ್ಟಕಡೆಯಲ್ಲಿ, ಯಾರೂ ಹಿಂದುಳಿಯದಂತೆ ನೋಡಿಕೊಳ್ಳಲು ಒಬ್ಬರು ಇರಬೇಕು. ಆ ಕೆಲಸವನ್ನು ಕಪ್ಪು ಸೈಕಲ್ಲಿನ ಹಿರಿಯರು ತಾವಾಗಿಯೇ ವಹಿಸಿಕೊಂಡರು. “ಹೇಗೂ ನಾನು ಕೊನೆಯಲ್ಲೇ ಇರುವವನು, ಅದಕ್ಕೊಂದು ಹುದ್ದೆಯಾದರೂ ಇರಲಿ” ಎಂದರು.

ರಾಜಾನುಕುಂಟೆ ದಾಟುವಾಗ ಪೂರ್ವದಿಕ್ಕು ಕೆಂಪಾಯಿತು. ಬಡಾವಣೆಗಳ ಫಲಕಗಳ ಸಾಲು ಸ್ವಲ್ಪ ವಿರಳವಾಗಿ, ರಾಗಿಯ ಕೂಳೆಯ ಹೊಲಗಳು, ನೀಲಗಿರಿಯ ತೋಪುಗಳು, ದ್ರಾಕ್ಷಿಯ ಚಪ್ಪರಗಳು ಕಾಣಿಸಿಕೊಂಡವು. ಅವರೆಯ ಕಾಲವಾದ್ದರಿಂದ ಸೊಗಡಿನ ವಾಸನೆ ಗಾಳಿಯಲ್ಲಿದ್ದಿತು. ಕಾರಿನಲ್ಲಿ ಕುಳಿತು ಕಿಟಕಿಯ ಗಾಜನ್ನು ಏರಿಸಿಕೊಂಡು ಹೋಗುವವರಿಗೆ ಈ ಸೊಗಡು ದಕ್ಕುವುದಿಲ್ಲ.

ಏಳೂವರೆಗೆ ದೊಡ್ಡಬಳ್ಳಾಪುರ. ಹುತ್ತವೊಂದರ ಮೇಲೆ ಹಸುವೊಂದು ದಿನವೂ ಒಂದು ಬಳ್ಳ ಹಾಲನ್ನು ಕರೆಯುತ್ತಿದ್ದಿತೆಂದೂ, ಅದರಿಂದಲೇ ಊರಿಗೆ ಬಳ್ಳಾಪುರವೆಂಬ ಹೆಸರು ಬಂದಿತೆಂದೂ ಐತಿಹ್ಯವಿದೆ. ಈಗ ಇದು ಹಾಲಿಗಿಂತ ನೂಲಿನ ಊರು. ಬೀದಿಯೊಳಕ್ಕೆ ಹೊಕ್ಕೊಡನೆ ಮನೆಮನೆಗಳಿಂದ ಕೇಳಿಬರುವ ಮಗ್ಗಗಳ ಟಕಟಕ ಶಬ್ದವೇ ಅದನ್ನು ಸಾರುತ್ತದೆ. ವಿದ್ಯುನ್ಮಗ್ಗಗಳಲ್ಲಿ ಇಲ್ಲಿ ನೆಯ್ದ ಸೀರೆಗಳು ನಾಡಿನ ಮದುವೆಮನೆಗಳನ್ನು ತುಂಬುತ್ತವೆ. ಹೋಟೆಲೊಂದರಲ್ಲಿ ಇಡ್ಲಿ, ಅವರೆಕಾಳಿನ ಉಪ್ಪಿಟ್ಟು, ಕಾಫಿಗಳ ಸಮಾರಾಧನೆಯಾಯಿತು. ಹಸಿವಾಗುವುದಕ್ಕೆ ಮೊದಲೇ ತಿನ್ನಬೇಕು, ಬಾಯಾರುವುದಕ್ಕೆ ಮೊದಲೇ ಕುಡಿಯಬೇಕು ಎಂಬುದು ದೂರದ ಸವಾರರ ವೇದವಾಕ್ಯ. ಆ ಬೆಳಗ್ಗೆ ವೇದಪಾರಾಯಣಕ್ಕೆ ಯಾರೂ ಕೊರತೆ ಮಾಡಲಿಲ್ಲ.

ಎರಡು ನದಿಗಳ ನಡುವಣ ಏಣು

ದೊಡ್ಡಬಳ್ಳಾಪುರದಿಂದ ಮುಂದೆ ನೆಲದ ಸ್ವಭಾವವೇ ಬದಲಾಗುತ್ತದೆ. ಬಲಗಡೆಗೆ ಘಾಟಿ ಸುಬ್ರಹ್ಮಣ್ಯದ ದಾರಿ ಅಗಲುತ್ತದೆ. ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯನೂ ಹಿಂದೆ ನರಸಿಂಹನೂ ಇರುವ, ಹಿಂದಿನ ಮೂರ್ತಿಯನ್ನು ಕನ್ನಡಿಯಲ್ಲಿ ನೋಡಬೇಕಾದ ಕ್ಷೇತ್ರವದು. ಚಳಿಗಾಲದಲ್ಲಿ ಅಲ್ಲಿ ಸೇರುವ ದನಗಳ ಜಾತ್ರೆಗೆ ಹೆಸರಾದದ್ದು. ಕೊಂಬಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟಿದ ಎತ್ತಿನ ಜೋಡಿಗಳನ್ನು ಹಿಡಿದುಕೊಂಡು ರೈತರು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದರು. ಎತ್ತುಗಳ ನಡಿಗೆಗೂ ಸೈಕಲ್ಲುಗಳ ನಡಿಗೆಗೂ ಅಂತಹ ಅಂತರವಿಲ್ಲದ್ದರಿಂದ ಕುಶಲಪ್ರಶ್ನೆಗೆ ಅವಕಾಶವಾಯಿತು. “ಎಲ್ಲಿಗೆ?” ಎಂದು ಕೇಳಿದ ರೈತನೊಬ್ಬ ಹಂಪೆಗೆಂಬ ಉತ್ತರವನ್ನು ಕೇಳಿ, “ಬಸ್ಸಿಲ್ಲವೇ?” ಎಂದು ಕನಿಕರದಿಂದ ವಿಚಾರಿಸಿದನು.

ಎದುರಿಗೆ ಮಾಕಳಿದುರ್ಗದ ಬಂಡೆಬೆಟ್ಟ ಎದ್ದು ನಿಂತಿತು. ತಲೆಯ ಮೇಲೆ ಹಾಳು ಕೋಟೆ, ಬುಡದಲ್ಲಿ ರೈಲುಹಳಿ. ಯಲಹಂಕದಿಂದ ಹಿಂದೂಪುರ ಗುಂತಕಲ್ಲುಗಳ ಕಡೆಗೆ ಹೋಗುವ ಈ ಹಳಿ ಸವಾರರಿಗೆ ದಿನವಿಡೀ ಜೊತೆಗಾರ. ಬೆಟ್ಟಗಳ ಈ ಸಾಲು ಕೇವಲ ನೋಟಕ್ಕೆ ಚೆಲುವಾದುದಲ್ಲ. ಅದು ನೀರನ್ನು ಎರಡಾಗಿ ಹಂಚುವ ಏಣು. ಈಚೆಗೆ ಬಿದ್ದ ಮಳೆ ಅರ್ಕಾವತಿಗೆ ಸೇರಿ, ಕಾವೇರಿಯನ್ನು ಕೂಡಿ, ತಮಿಳುನಾಡಿನ ಕಡಲಿಗೆ ಹೋಗುತ್ತದೆ. ಆಚೆಗೆ ಬಿದ್ದುದು ಉತ್ತರ ಪಿನಾಕಿನಿಗೆ ಸೇರಿ ಆಂಧ್ರದ ನೆಲ್ಲೂರಿನ ಕಡೆಗೆ ಹರಿಯುತ್ತದೆ. ಎರಡು ನದಿಗಳೂ ಹುಟ್ಟುವುದು ನಂದಿಬೆಟ್ಟದ ಸುತ್ತಿನಲ್ಲಿಯೇ. ಭೂಪಟದಲ್ಲಿ ಮಾತ್ರ ಕಾಣುವ ಈ ಸತ್ಯವನ್ನು ಸೈಕಲ್ಲಿನವನು ಮೊಣಕಾಲಿನಿಂದ ತಿಳಿಯುತ್ತಾನೆ. ಸುಮಾರು 900 ಮೀಟರು ಎತ್ತರದ ಯಲಹಂಕದಿಂದ ಹೊರಟವನು ಇಲ್ಲಿಂದ ಮುಂದೆ ಇಳಿಯುತ್ತಾ ಹೋಗಿ, ಹಿಂದೂಪುರವನ್ನು ಸೇರುವ ಹೊತ್ತಿಗೆ 600 ಮೀಟರಿಗೆ ತುಸು ಮೇಲಿರುತ್ತಾನೆ.

ಇಳಿಜಾರು ಸಿಕ್ಕಿದೊಡನೆ ತರುಣರಿಗೆ ರೆಕ್ಕೆ ಬಂದಿತು. ಐದಾರು ಜನ ಗಾಳಿಯನ್ನು ಸೀಳಿಕೊಂಡು ಮುಂದೆ ಹೊರಟುಹೋದರು. “ಗೌರಿಬಿದನೂರಿನಲ್ಲಿ ಸಿಕ್ಕೋಣ” ಎಂಬ ಕೂಗು ಮಾತ್ರ ಹಿಂದಿನವರಿಗೆ ಕೇಳಿಸಿತು. ಸಾಲು ಎರಡಾಯಿತು. ಮುಂದಾಳುಗಳ ಮುಖ ಸ್ವಲ್ಪ ಗಂಟಾಯಿತು. ಆದರೂ ಮೊದಲ ದಿನವೇ ಕಟುವಾಗಿ ಹೇಳುವುದು ಬೇಡವೆಂದು ಸುಮ್ಮನಾದರು.

ಹುರುಳಿಯ ಕಣ

ಹತ್ತೂಮುಕ್ಕಾಲರ ಸುಮಾರಿಗೆ, ತೊಂಡೇಭಾವಿಗೆ ಇನ್ನೂ ಕೆಲವು ಕಿಲೋಮೀಟರು ಇರುವಾಗ, ಒಂದು ಹಳ್ಳಿಯ ಬಳಿ ರಸ್ತೆಯ ಅರ್ಧಭಾಗಕ್ಕೆ ಹುರುಳಿಯ ಗಿಡಗಳನ್ನು ಹರಡಿದ್ದರು. ಕಣವಿಲ್ಲದ ರೈತನಿಗೆ ಡಾಂಬರು ರಸ್ತೆಯೇ ಕಣ, ಹಾದುಹೋಗುವ ಲಾರಿ ಬಸ್ಸುಗಳ ಗಾಲಿಗಳೇ ರೋಣುಗಲ್ಲು. ಸುಗ್ಗಿಯ ಕಾಲದಲ್ಲಿ ಬಯಲುಸೀಮೆಯ ರಸ್ತೆಗಳಲ್ಲೆಲ್ಲ ಕಾಣುವ ದೃಶ್ಯ. ದೊಡ್ಡ ವಾಹನಗಳಿಗೆ ಅದರಿಂದ ಬಾಧಕವಿಲ್ಲ. ಆದರೆ ಬೆರಳಿನಗಲದ ಟೈರಿಗೆ ಆ ಒಣ ಬಳ್ಳಿಗಳು ಬಲೆಯೇ ಸರಿ.

ವೈದ್ಯಕೀಯ ವಿದ್ಯಾರ್ಥಿನಿ ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಹುರುಳಿಯ ಮೇಲೆ ಹಾಯಿಸಿದಳು. ಬಳ್ಳಿಯೊಂದು ಹಿಂಗಾಲಿಗೆ ಸುತ್ತಿಕೊಂಡು, ಸರಪಳಿಯ ಸಂಗಡ ಗೇರು ಬದಲಿಸುವ ಯಂತ್ರದೊಳಕ್ಕೆ ನುಗ್ಗಿತು. ಕರಕ್ ಎಂಬ ಶಬ್ದವಾಯಿತು. ಸೈಕಲ್ಲು ಗಕ್ಕನೆ ನಿಂತು ಅವಳು ಹುರುಳಿಯ ರಾಶಿಯ ಮೇಲೆ ಉರುಳಿದಳು. ಮೊಣಕೈ ತರಚಿತು, ಪುಣ್ಯಕ್ಕೆ ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಹೊಲದಲ್ಲಿದ್ದ ಹೆಂಗಸರು ಓಡಿಬಂದು ಎಬ್ಬಿಸಿ, ನೀರು ಕೊಟ್ಟು, “ನಮ್ಮ ಹುರುಳಿಯಿಂದ ಹೀಗಾಯಿತಲ್ಲವ್ವ” ಎಂದು ಪೇಚಾಡಿದರು. “ನಿಮ್ಮ ಹುರುಳಿ ಇದ್ದುದರಿಂದಲೇ ಪೆಟ್ಟಾಗಲಿಲ್ಲ” ಎಂದು ಅವಳು ನಕ್ಕಳು.

ಪೆಟ್ಟಾಗಿದ್ದುದು ಸೈಕಲ್ಲಿಗೆ. ಗೇರಿನ ಯಂತ್ರವನ್ನು ಚೌಕಟ್ಟಿಗೆ ಜೋಡಿಸುವ ಪುಟ್ಟ ಲೋಹದ ಕೊಂಡಿ ಎರಡು ತುಂಡಾಗಿದ್ದಿತು. ಚೌಕಟ್ಟು ಮುರಿಯುವುದರ ಬದಲು ತಾನು ಮುರಿಯಲೆಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಒಂದೊಂದು ಸೈಕಲ್ಲಿಗೆ ಒಂದೊಂದು ಅಳತೆ. ಅವಳ ಸೈಕಲ್ಲಿನದು ತಂಡದ ಯಾರ ಚೀಲದಲ್ಲಿಯೂ ಇರಲಿಲ್ಲ. ಬೆಂಗಳೂರಿನಿಂದ ತರಿಸಬೇಕಾದರೆ ಆ ದಿನ ಮುಗಿದಂತೆಯೇ.

ವ್ಯಾನು ಬಂದು ನಿಂತಿತು. “ಹತ್ತಿ ಕುಳಿತುಕೊಳ್ಳಮ್ಮ, ನಾಳೆ ಮತ್ತೆ ನೋಡೋಣ” ಎಂದರು ಮುಂದಾಳುಗಳು. ಅವಳಿಗೆ ದುಃಖ ಉಕ್ಕಿಬಂದಿತು. ಕಾಯಿಲೆಯಾದವರು ಮಾತ್ರ ವ್ಯಾನು ಏರಬೇಕೆಂಬ ನಿಯಮವನ್ನು ಅವಳು ನೆನಪಿಸಿದಳು. ಮುಂದಾಳುಗಳ ಚಿಂತೆ ಬೇರೆ. ಹನ್ನೆರಡು ಜನರ ಹೊಣೆ ಅವರ ಮೇಲೆ. ಹಗಲು ಕಿರಿದಾದ ಕಾಲ. ಆರು ಗಂಟೆಗೆ ಸೂರ್ಯ ಮುಳುಗುತ್ತಾನೆ. ಒಬ್ಬಳಿಗಾಗಿ ಉಳಿದವರೆಲ್ಲರೂ ಅಪರಿಚಿತ ರಸ್ತೆಯಲ್ಲಿ ಕತ್ತಲಿಗೆ ಸಿಕ್ಕುವುದು ನ್ಯಾಯವೇ? ನಿಯಮವನ್ನು ಮಾಡಿದವರೇ ಅದರ ಬಿಗಿಯನ್ನು ಅನುಭವಿಸಬೇಕಾಯಿತು.

ಕೊನೆಯಲ್ಲಿ ಬಂದು ಸೇರಿದ ಹಿರಿಯರು ಸೈಕಲ್ಲನ್ನು ತಲೆಕೆಳಗೆ ಮಾಡಿ ಒಂದು ನಿಮಿಷ ನೋಡಿದರು. “ಇದಕ್ಕೆ ಗೇರು ಇಲ್ಲದಿದ್ದರೆ ಓಡುವುದಿಲ್ಲವೆಂದು ಯಾರು ಹೇಳಿದರು?” ಎಂದರು. “ನನ್ನದು ನಲವತ್ತು ವರ್ಷದಿಂದ ಓಡುತ್ತಿದೆ.”

ತೊಂಡೇಭಾವಿಯವರೆಗೆ ಸೈಕಲ್ಲನ್ನು ವ್ಯಾನಿನಲ್ಲಿಯೂ ಹುಡುಗಿಯನ್ನು ಕಾಲ್ನಡಿಗೆಯಲ್ಲಿಯೂ ಕಳುಹಿಸುವ ಮಾತು ಬಂದಿತು. ಅಷ್ಟರಲ್ಲಿ ಊರಿನ ಹುಡುಗನೊಬ್ಬನು, ಬಸ್‌ಸ್ಟ್ಯಾಂಡಿನ ಬಳಿ ಪಂಕ್ಚರು ಹಾಕುವ ಅಂಗಡಿಯೊಂದು ಇದೆಯೆಂದು ತಿಳಿಸಿದನು. ಹೆಸರಿಗೆ ಅಂಗಡಿ, ಬೇವಿನ ಮರದ ಕೆಳಗೆ ತಗಡಿನ ಪೆಟ್ಟಿಗೆ, ಒಂದು ನೀರಿನ ಬಾಂಡಲಿ, ಒಂದು ಸುತ್ತಿಗೆ. ಅಂಗಡಿಯಾತ ಅಂತಹ ಸೈಕಲ್ಲನ್ನು ಹತ್ತಿರದಿಂದ ಕಂಡವನಲ್ಲ. ಆದರೆ ಸರಪಳಿ ಸರಪಳಿಯೇ ಎಂಬುದನ್ನು ಬಲ್ಲವನು. ಮುರಿದ ಯಂತ್ರವನ್ನು ಕಳಚಿ ತೆಗೆದನು. ಸರಪಳಿಯ ಕೆಲವು ಕೊಂಡಿಗಳನ್ನು ಬಿಡಿಸಿ, ಅದನ್ನು ಗಿಡ್ಡ ಮಾಡಿ, ಹಿಂಗಾಲಿಯ ಹಲ್ಲುಚಕ್ರಗಳಲ್ಲಿ ನಡುವಣ ಒಂದಕ್ಕೆ ನೇರವಾಗಿ ಜೋಡಿಸಿದನು. ಮೊದಲನೆಯ ಚಕ್ರಕ್ಕೆ ಸರಪಳಿ ಜೋತುಬಿದ್ದಿತು. ಇನ್ನೊಂದಕ್ಕೆ ಅತಿ ಬಿಗಿಯಾಯಿತು. ಮೂರನೆಯದಕ್ಕೆ ಹದವಾಗಿ ಕೂತಿತು. ಇಪ್ಪತ್ತು ಗೇರಿನ ಸೈಕಲ್ಲು ಒಂದು ಗೇರಿನದಾಯಿತು. ಕೂಲಿ ಎಷ್ಟೆಂದು ಕೇಳಿದಾಗ, ಪಂಕ್ಚರಿನ ದರವನ್ನೇ ಹೇಳಿದನು. ಹೆಚ್ಚು ಕೊಡಹೋದರೆ, “ಸಾಮಾನೇನೂ ಹಾಕಲಿಲ್ಲವಲ್ಲ, ತೆಗೆದದ್ದಷ್ಟೆ” ಎಂದು ಬೇಡವೆಂದನು.

ಆಗ ಗಂಟೆ ಹನ್ನೆರಡು. ಮುಂದಾಳುಗಳು ರಾಜಿಯೊಂದನ್ನು ಸೂಚಿಸಿದರು. ಮೂರು ಗಂಟೆಯೊಳಗೆ ವಿದುರಾಶ್ವತ್ಥವನ್ನು ಸೇರಿದರೆ ಸರಿ. ಇಲ್ಲವಾದರೆ ಮರುಮಾತಿಲ್ಲದೆ ವ್ಯಾನು ಏರಬೇಕು. ಅವಳು ಒಪ್ಪಿದಳು.

ಒಂದು ಗೇರಿನ ಪಾಠ

ಗೇರುಳ್ಳ ಸೈಕಲ್ಲಿಗೆ ಒಗ್ಗಿದ ಕಾಲಿಗೆ ಒಂಟಿ ಗೇರು ಮೊದಮೊದಲು ಶಿಕ್ಷೆಯಾಗಿ ಕಾಣುತ್ತದೆ. ಏರಿನಲ್ಲಿ ಭಾರ, ಇಳಿಜಾರಿನಲ್ಲಿ ಬರಿ ಸುತ್ತು. ಹಿರಿಯರು ಅವಳ ಪಕ್ಕದಲ್ಲಿ ಸಾಗುತ್ತಾ, ಏರು ಕಾಣುವ ಮೊದಲೇ ವೇಗ ಕೂಡಿಸಿಕೊಳ್ಳುವುದನ್ನು, ಏರಿನ ನಡುವೆ ಆಸನದಿಂದ ಎದ್ದು ದೇಹದ ತೂಕವನ್ನೇ ಪೆಡಲಿಗೆ ಕೊಡುವುದನ್ನು, ಇಳಿಜಾರಿನಲ್ಲಿ ತುಳಿಯದೆ ವಿಶ್ರಮಿಸುವುದನ್ನು ಹೇಳಿಕೊಟ್ಟರು. ಕಪ್ಪು ಸೈಕಲ್ಲೂ ಗಾಯಗೊಂಡ ಹೊಸ ಸೈಕಲ್ಲೂ ಈಗ ಒಂದೇ ಜಾತಿ. ಗೌರಿಬಿದನೂರಿನವರೆಗೆ ರಸ್ತೆ ಬಹುಮಟ್ಟಿಗೆ ಇಳಿಯುತ್ತಲೇ ಹೋದುದು ದೈವಾನುಕೂಲವೆನ್ನಬೇಕು.

ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೆಂಬುದಿಲ್ಲ. ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗೆ ಇಳಿದಿವೆ. ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಗಳ ಕೊಳಚೆನೀರನ್ನು ಸಂಸ್ಕರಿಸಿ, ಏತದಿಂದ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆ ಈಚಿನ ವರ್ಷಗಳಲ್ಲಿ ಜಾರಿಗೆ ಬಂದಿದೆ. ಕೆರೆ ತುಂಬಿದುದನ್ನು ಕಂಡು ಹಿಗ್ಗುವವರಿದ್ದಾರೆ. ಆ ನೀರನ್ನು ಇನ್ನೊಂದು ಹಂತ ಶುದ್ಧಿಮಾಡಬೇಕೆಂದು ಒತ್ತಾಯಿಸುವವರೂ ಇದ್ದಾರೆ. ನಗರದ ಮನೆಗಳ ಬಚ್ಚಲಿಗೂ ಈ ಹೊಲಗಳಿಗೂ ಹೀಗೊಂದು ನಂಟು ಬೆಳೆದಿರುವುದನ್ನು ಯಲಹಂಕದ ಸವಾರರಲ್ಲಿ ಹಲವರು ಅಂದೇ ತಿಳಿದರು.

ಗೌರಿಬಿದನೂರು ಸಣ್ಣ ಊರಾದರೂ ಅದರ ಕಿವಿ ದೊಡ್ಡದು. 1965ರಲ್ಲಿ ಇಲ್ಲಿ ಸ್ಥಾಪನೆಯಾದ ಭೂಕಂಪಮಾಪಕಗಳ ಜಾಲ, ಭೂಮಿಯ ಆಚೆಯ ಮಗ್ಗುಲಿನಲ್ಲಿ ನಡೆದ ಅಣುಸ್ಫೋಟದ ನಡುಕವನ್ನೂ ಗುರುತಿಸಬಲ್ಲುದು. ಊರಿನ ಸಮೀಪದಲ್ಲಿಯೇ ಸೂರ್ಯನಿಂದಲೂ ನಕ್ಷತ್ರಲೋಕದಿಂದಲೂ ಬರುವ ರೇಡಿಯೋ ಅಲೆಗಳನ್ನು ಆಲಿಸುವ ದೂರದರ್ಶಕವಿದೆ. ಶಬ್ದವಿಲ್ಲದ ಬಯಲೆಂಬುದೇ ವಿಜ್ಞಾನಿಗಳು ಈ ನೆಲವನ್ನು ಮೆಚ್ಚಲು ಕಾರಣ.

ವಿಜ್ಞಾನಕ್ಕೆ ಈ ತಾಲ್ಲೂಕು ಕೊಟ್ಟ ಇನ್ನೊಂದು ಕಾಣಿಕೆಯನ್ನು ಹಿರಿಯರು ದಾರಿಯುದ್ದಕ್ಕೂ ಹುಡುಗಿಗೆ ಹೇಳುತ್ತಾ ಬಂದಿದ್ದರು. ಇಲ್ಲಿನ ಹೊಸೂರಿನ ಬಡ ಮನೆಯೊಂದರಲ್ಲಿ 1920ರಲ್ಲಿ ಹುಟ್ಟಿದ ಹುಡುಗನೊಬ್ಬನು, 1935ರಲ್ಲಿ, ಹೈಸ್ಕೂಲು ಓದಬೇಕೆಂಬ ಒಂದೇ ಆಸೆಯಿಂದ, ಬಸ್ಸಿಗೆ ಕಾಸಿಲ್ಲದೆ, ಎರಡು ದಿನ ನಡೆದು ಬೆಂಗಳೂರನ್ನು ಸೇರಿದನು. ಅವನೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ, ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದ ಡಾ. ಎಚ್. ನರಸಿಂಹಯ್ಯನವರು. ತಮ್ಮ ಆತ್ಮಕಥೆಗೆ ಅವರು ‘ಹೋರಾಟದ ಹಾದಿ’ ಎಂದು ಹೆಸರಿಟ್ಟುದು ಬರಿಯ ಅಲಂಕಾರಕ್ಕಲ್ಲ. “ಅವರಿಗೆ ಒಂದು ಗೇರಾದರೂ ಇತ್ತೇ?” ಎಂದರು ಹಿರಿಯರು. ಹುಡುಗಿ ಉತ್ತರ ಕೊಡಲಿಲ್ಲ. ತುಳಿತ ಮಾತ್ರ ಚುರುಕಾಯಿತು.

ಒಂದೂಕಾಲಕ್ಕೆ ಗೌರಿಬಿದನೂರು. ಮುಂದೆ ಓಡಿದ ತರುಣರು ಒಂದೂವರೆ ಗಂಟೆಯಿಂದ ಹೋಟೆಲಿನ ಮುಂದೆ ಕಾಯುತ್ತಿದ್ದರು. ಕಾದು ಕಾದು ಬೇಸತ್ತವನೊಬ್ಬನು, “ಇಷ್ಟು ಹೊತ್ತಿಗೆ ಲೇಪಾಕ್ಷಿಯ ಹತ್ತಿರವಿರಬಹುದಾಗಿತ್ತು” ಎಂದನು. ಆಮೇಲೆ ಅವನ ಕಣ್ಣು ಯಂತ್ರ ಕಳಚಿದ ಹಿಂಗಾಲಿಯ ಮೇಲೆಯೂ, ಬಟ್ಟೆ ಸುತ್ತಿದ ಮೊಣಕೈಯ ಮೇಲೆಯೂ ಬಿದ್ದಿತು. ಮಾತು ಅಲ್ಲಿಗೇ ನಿಂತಿತು. ಮುದ್ದೆ, ಬಸ್ಸಾರು, ಮಜ್ಜಿಗೆಗಳ ಊಟ ಹೆಚ್ಚು ಮಾತಿಲ್ಲದೆ ಮುಗಿಯಿತು. ಹೊರಡುವಾಗ ಆ ತರುಣನೇ ಬಂದು, ಹುಡುಗಿಯ ಸೈಕಲ್ಲಿಗೆ ಕಟ್ಟಿದ್ದ ಚೀಲವನ್ನು ಬಿಚ್ಚಿ ತನ್ನ ಸೈಕಲ್ಲಿಗೆ ಕಟ್ಟಿಕೊಂಡನು.

ಅಶ್ವತ್ಥದ ನೆರಳಿನಲ್ಲಿ

ವಿದುರಾಶ್ವತ್ಥ ಗೌರಿಬಿದನೂರಿನಿಂದ ಸುಮಾರು ಆರು ಕಿಲೋಮೀಟರು. ತಂಡ ಅಲ್ಲಿಗೆ ತಲುಪಿದಾಗ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ ಉಳಿದಿದ್ದಿತು. ಮುಂದಾಳುಗಳು ಗಡಿಯಾರ ನೋಡಿದರು, ಹುಡುಗಿಯ ಮುಖ ನೋಡಿದರು, ಏನೂ ಹೇಳದೆ ವ್ಯಾನನ್ನು ಮುಂದಕ್ಕೆ ಕಳುಹಿಸಿಬಿಟ್ಟರು.

ಉತ್ತರ ಪಿನಾಕಿನಿಯ ದಡದ ಈ ಕ್ಷೇತ್ರದಲ್ಲಿ ಮಹಾಭಾರತದ ವಿದುರನು ಅಶ್ವತ್ಥವೃಕ್ಷವನ್ನು ನೆಟ್ಟನೆಂದು ನಂಬಿಕೆ. ಹರಕೆ ಹೊತ್ತವರು ತಲೆತಲಾಂತರದಿಂದ ಪ್ರತಿಷ್ಠಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಆದರೆ ಕನ್ನಡನಾಡಿನ ಇತಿಹಾಸದಲ್ಲಿ ಈ ಊರಿನ ಹೆಸರು ಕೆಂಪು ಅಕ್ಷರದಲ್ಲಿ ಬರೆಯಲ್ಪಟ್ಟುದು 1938ರ ಏಪ್ರಿಲ್ 25ರಂದು. ಆ ತಿಂಗಳ ಎರಡನೆಯ ವಾರದಲ್ಲಿ ಮಂಡ್ಯ ಜಿಲ್ಲೆಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಧ್ವಜಸತ್ಯಾಗ್ರಹ ನಡೆದಿದ್ದಿತು. ಅದರ ಬೆನ್ನಿಗೇ ಇಲ್ಲಿಯೂ ತ್ರಿವರ್ಣಧ್ವಜವನ್ನು ಹಾರಿಸಲು ಸುತ್ತಣ ಹಳ್ಳಿಗಳ ಜನ ಸೇರಿದರು. ನಿಷೇಧಾಜ್ಞೆ ಜಾರಿಯಲ್ಲಿದ್ದಿತು. ಪೊಲೀಸರು ಗುಂಡು ಹಾರಿಸಿದರು. ಸಂಸ್ಥಾನದ ಸರಕಾರ ಒಪ್ಪಿಕೊಂಡ ಸಾವುಗಳ ಲೆಕ್ಕ ಒಂದಾದರೆ ಜನ ಎಣಿಸಿಕೊಂಡ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಈ ಊರಿಗೆ ಅಂದಿನಿಂದ ಅಂಟಿಕೊಂಡಿತು. ಸುದ್ದಿ ಗಾಂಧೀಜಿಯವರನ್ನು ಮುಟ್ಟಿ, ಅವರು ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳುಹಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮೇ ತಿಂಗಳಿನಲ್ಲಿ ಒಪ್ಪಂದವಾಗಿ, ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆಯೂ ಅದರ ಧ್ವಜಕ್ಕೆ ಹಾರುವ ಹಕ್ಕೂ ದೊರೆತವು.

ಸ್ಮಾರಕದ ಬಳಿಯ ವೀರಸೌಧದಲ್ಲಿ ಆ ಹೋರಾಟದ ಚಿತ್ರಗಳಿವೆ. ಸವಾರರು ಟೊಪ್ಪಿಗೆಗಳನ್ನು ಕೈಯಲ್ಲಿ ಹಿಡಿದು ಅವುಗಳ ಮುಂದೆ ನಿಧಾನವಾಗಿ ನಡೆದರು. ರಜೆಯ ಮೋಜಿಗೆಂದು ಹೊರಟವರಿಗೆ ಆ ಹೆಸರುಗಳ ಪಟ್ಟಿಯ ಮುಂದೆ ಮಾತು ಹೊರಡಲಿಲ್ಲ. ನಾಯಕರ ಚರಿತ್ರೆ ಶಾಲೆಯ ಪುಸ್ತಕಗಳಲ್ಲಿ ಸಿಕ್ಕುತ್ತದೆ. ಇಲ್ಲಿ ಬಿದ್ದವರು ಹೊಲ ಮನೆ ಬಿಟ್ಟು ಬಂದ ಒಕ್ಕಲು ಜನ, ಜೀವ ಹೋಗುತ್ತದೆಂದು ಎಣಿಸಿ ಬಂದವರೂ ಅಲ್ಲ. ಬೆಳಗ್ಗೆ ಹುರುಳಿಯ ಕಣದಲ್ಲಿ ನೀರು ಕೊಟ್ಟ ಹೆಂಗಸರಂತಹವರೇ ಅವರೂ. ಯಲಹಂಕದಿಂದ ಕೇವಲ ಮೂರು ಗಂಟೆಯ ರೈಲುಪ್ರಯಾಣದೊಳಗಿನ ಈ ಸ್ಥಳವನ್ನು ಹನ್ನೆರಡು ಜನರಲ್ಲಿ ಹಿಂದೆ ನೋಡಿದ್ದವರು ಇಬ್ಬರು ಮಾತ್ರ.

ಗಡಿಯಾಚೆಯ ಕನ್ನಡ

ಮೂರೂವರೆಗೆ ಹೊರಟಾಗ ಈಶಾನ್ಯದ ಗಾಳಿ ಎದುರಾಯಿತು. ಚಳಿಗಾಲದ ಮಧ್ಯಾಹ್ನಗಳಲ್ಲಿ ಉತ್ತರಕ್ಕೆ ಹೋಗುವವರನ್ನು ಕಾಡುವ ಗಾಳಿ ಅದು. ಒಂಟಿ ಗೇರಿನವಳಿಗೂ ಕಪ್ಪು ಸೈಕಲ್ಲಿನವರಿಗೂ ಇದು ಕಠಿಣ ಪರೀಕ್ಷೆಯಾಗಬಹುದಾಗಿದ್ದಿತು. ಆಗ ಯಾರೂ ಹೇಳದೆಯೇ ತರುಣರು ಮುಂದಕ್ಕೆ ಬಂದು, ಇಬ್ಬಿಬ್ಬರಾಗಿ ಸರದಿಯ ಮೇಲೆ ಗಾಳಿಗೆ ಎದೆಯೊಡ್ಡಿದರು. ಅವರಿಬ್ಬರನ್ನೂ ನಡುವಿಗೆ ತೆಗೆದುಕೊಂಡು ಸಾಲು ಕೂಡಿಕೊಂಡಿತು. ಗಂಟೆಗೆ 18 ಕಿಲೋಮೀಟರಿಗೆ ಮೀರದಂತೆ ವೇಗವನ್ನು ಇಟ್ಟರು. ಬೆಳಗಿನ ಇಳಿಜಾರಿನಲ್ಲಿ ಅದರ ಎರಡರಷ್ಟು ಓಡಿದವರಿಗೆ ಈ ವೇಗವನ್ನು ಹಿಡಿದಿಡುವುದೇ ದೊಡ್ಡ ಸಾಹಸವಾಗಿದ್ದಿರಬೇಕು.

ಎಲ್ಲಿ ಕರ್ನಾಟಕ ಮುಗಿದು ಆಂಧ್ರಪ್ರದೇಶ ತೊಡಗಿತೆಂಬುದನ್ನು ಫಲಕ ಹೇಳಿತೇ ಹೊರತು ನೆಲ ಹೇಳಲಿಲ್ಲ. ಅದೇ ಕೆಂಪುಮಣ್ಣು, ಅದೇ ಬಂಡೆಗಳು, ಅದೇ ಹುಣಸೆಯ ಮರಗಳು. ಅಂಗಡಿಗಳ ಹೆಸರುಗಳು ತೆಲುಗಿಗೆ ತಿರುಗಿದವು. ಜನರ ಮಾತು ಎರಡು ಭಾಷೆಗಳ ನಡುವೆ ತೂಗುಯ್ಯಾಲೆಯಾಡಿತು. ಹಿಂದೂಪುರದ ಚಹದ ಅಂಗಡಿಯವನು ತೆಲುಗಿನಲ್ಲಿ ಬೆಲೆ ಹೇಳಿ, ಕನ್ನಡದಲ್ಲಿ ಕ್ಷೇಮ ವಿಚಾರಿಸಿದನು.

ಐದೂವರೆ ದಾಟಿದಾಗ ಲೇಪಾಕ್ಷಿಯ ಏಕಶಿಲಾ ನಂದಿ ಕಾಣಿಸಿತು. ಸುಮಾರು 15 ಅಡಿ ಎತ್ತರ, 27 ಅಡಿ ಉದ್ದದ ಆ ಬಸವ, ಕೊರಳ ಗಂಟೆಯ ಸರದೊಡನೆ, ಸಂಜೆಯ ಬಿಸಿಲಿನಲ್ಲಿ ಇನ್ನೇನು ಮೇಲೇಳುವಂತೆ ಕುಳಿತಿದ್ದಿತು. ಸ್ವಲ್ಪ ದೂರದಲ್ಲಿ ವೀರಭದ್ರನ ದೇವಾಲಯ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 16ನೆಯ ಶತಮಾನದಲ್ಲಿ, ವಿರೂಪಣ್ಣ ವೀರಣ್ಣರೆಂಬ ಸೋದರರು ಕಟ್ಟಿಸಿದ ಗುಡಿ. ಮಂಟಪದ ಕಂಬಗಳಲ್ಲಿ ಒಂದು ನೆಲವನ್ನು ಪೂರ್ತಿಯಾಗಿ ಮುಟ್ಟದೆ ತೂಗುತ್ತಿದೆ. ಯಾತ್ರಿಕರು ಅದರ ಕೆಳಗೆ ಬಟ್ಟೆಯನ್ನು ಹಾಯಿಸಿ ನೋಡುತ್ತಾರೆ. ಮೇಲ್ಛಾವಣಿಯ ವರ್ಣಚಿತ್ರಗಳಲ್ಲಿನ ಸೀರೆಗಳ ಅಂಚುಗಳು ಇಂದಿನ ನೇಕಾರರಿಗೂ ಮಾದರಿಯಾಗಿವೆ. ದೊಡ್ಡಬಳ್ಳಾಪುರದ ಮಗ್ಗಗಳ ಸದ್ದನ್ನು ಬೆಳಗ್ಗೆ ಕೇಳಿದ್ದವರಿಗೆ ಅವನ್ನು ನೋಡಿ ಕಣ್ಣು ತುಂಬಿತು.

ಬೆಳಕು ಅಳಿಯುವ ಮುನ್ನ ಹಿರಿಯರು ಹೊರಗಿನ ಗೋಡೆಯ ಶಾಸನದ ಮುಂದೆ ನಿಂತು ಒಂದೊಂದೇ ಅಕ್ಷರವನ್ನು ಕೂಡಿಸತೊಡಗಿದರು. ಲೇಪಾಕ್ಷಿಯ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಅವುಗಳನ್ನು ಕೊರೆದಾಗ ಈ ಗಡಿ ಇರಲಿಲ್ಲ. ಕೆಲವು ಅಕ್ಷರಗಳು ಸಿಕ್ಕಿದವು, ಕೆಲವು ಸಿಕ್ಕಲಿಲ್ಲ. ಸಿಕ್ಕದವನ್ನು ಹುಡುಗಿ ಊಹಿಸಿದಳು, ಇಬ್ಬರಿಗೂ ವಾದವಾಯಿತು.

ಅತ್ತ ಛತ್ರದ ಅಂಗಳದಲ್ಲಿ ತರುಣರು ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಸರಪಳಿಗಳ ಧೂಳು ಒರೆಸಿ ಎಣ್ಣೆ ಹಾಕುತ್ತಿದ್ದರು. ಕಪ್ಪು ಸೈಕಲ್ಲಿನ ತಗಡಿನ ಹೊದಿಕೆಯನ್ನು ಹೇಗೆ ಬಿಚ್ಚುವುದೆಂದು ತಿಳಿಯದೆ ಒಬ್ಬನು ಒದ್ದಾಡುತ್ತಿದ್ದನು. ಮುಂದಾಳುಗಳು ತಮ್ಮ ಕೈಪುಸ್ತಕದಲ್ಲಿ ಆ ದಿನದ ಲೆಕ್ಕ ಬರೆದರು: ಹೊರಟವರು 12, ಮುಟ್ಟಿದವರು 12. ಅದರ ಕೆಳಗೆ ಮರುದಿನದ ಸೂಚನೆ: ಪೆನುಗೊಂಡೆಗೆ ಬೆಳಗ್ಗೆ ಆರಕ್ಕೆ ಹೊರಡುವುದು, ಸಾಲಿನ ಮುಂದೆ ಮೊದಲ ಹತ್ತು ಮೈಲಿ ಒಂಟಿ ಗೇರಿನವರು ಸಾಗತಕ್ಕದ್ದು, ಉಳಿದವರು ಅವರನ್ನು ಮೀರತಕ್ಕದ್ದಲ್ಲ.